ದೇಹಕೇಂದ್ರಿತ ಥೆರಪಿ ಎಲ್ಲ ಥರದ ಜನರಿಗೂ ಹೊಂದುವಂತೆ ಮಾಡುವುದು ಹೇಗೆ?

ದೇಹಕೇಂದ್ರಿತ ಥೆರಪಿ, ಅಂದರೆ ಉಸಿರು, ಭಂಗಿ, ದೇಹದ ಅನುಭವಗಳ ಮೂಲಕ ಮನಸ್ಸಿನ ತೊಂದರೆಗೆ ನೆರವಾಗುವ ಪದ್ಧತಿ, ಕಲಿಯುತ್ತಿದ್ದೀರಿ. ಬೇರೆ ಬೇರೆ ಸಂಸ್ಕೃತಿ, ಲಿಂಗ, ಹಿನ್ನೆಲೆಯವರಿಗೆ ಇದು ಹೊಂದಬೇಕಾದರೆ ಏನು ಬದಲಿಸಬೇಕು ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸದಲ್ಲಿದ್ದೇನೆ. ಹೊಸ ತಂತ್ರ ಹುಡುಕುವ ಮೊದಲು ಒಂದು ಕೆಲಸ ಮಾಡಿ. ನಿಮಗೆ ಕಲಿಸಿಕೊಟ್ಟ ಸೂಚನೆಗಳು ಎಂಥ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿವೆ ಅಂತ ನೋಡಿ.

"ಎರಡೂ ಪಾದ ನೆಲಕ್ಕೆ ಊರಿ, ಕಣ್ಣು ಮುಚ್ಚಿ, ಹೊಟ್ಟೆ ತುಂಬ ಉಸಿರೆಳೆದುಕೊಳ್ಳಿ." ಕೇಳಲು ಸರಳ ಅಲ್ವಾ? ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುವವರಿಗೆ ಪಾದದ ಸ್ಪರ್ಶವೇ ಗೊತ್ತಾಗದಿರಬಹುದು. ಎದೆಗೆ ಬಿಗಿಯಾದ ಬೈಂಡರ್ (ಎದೆ ಚಪ್ಪಟೆಯಾಗಿ ಕಾಣಿಸುವ ಒಳ ಉಡುಪು) ಹಾಕಿಕೊಂಡ ಟ್ರಾನ್ಸ್ ಪುರುಷನಿಗೆ ದೀರ್ಘ ಉಸಿರು ಕಷ್ಟ. ಎದೆಯ ಕಡೆ ಗಮನ ಕೊಡಿ ಅಂದರೆ ಇನ್ನೂ ಕಷ್ಟ. ಹಲ್ಲೆಗೆ ಒಳಗಾದವರಿಗೆ ಅಪರಿಚಿತರ ಎದುರು ಕಣ್ಣು ಮುಚ್ಚುವುದೇ ಭಯ. ವರ್ಷಗಟ್ಟಲೆ ನೋವಿನಲ್ಲಿ ಇರುವವರಿಗೆ ದೇಹದೊಳಗೆ ಗಮನ ಹರಿಸಿದರೆ ನೋವೇ ಜಾಸ್ತಿ ಕೇಳಿಸುತ್ತದೆ. "ಈಗ ಒಳಗೆ ಏನನ್ನಿಸುತ್ತಿದೆ?" ಎಂಬ ಪ್ರಶ್ನೆಗೆ ಆಟಿಸಂ ಇರುವ ಕೆಲವರಿಗೆ ಉತ್ತರ ಸಿಗುವುದೇ ಇಲ್ಲ. ಅದನ್ನು ಪ್ರತಿರೋಧ, ಅಂದರೆ ಥೆರಪಿಗೆ ಕ್ಲೈಂಟ್ ಒಡ್ಡುವ ತಡೆ, ಅಂತ ಬರೆದುಕೊಳ್ಳಬೇಡಿ.

ಹಾಗಾಗಿ ನಾನು ಸೂಚನೆ ಕೊಡುವ ಬದಲು ಆಯ್ಕೆ ಕೊಡುತ್ತೇನೆ. ಕಣ್ಣು ಮುಚ್ಚಬಹುದು, ಅಥವಾ ಕೋಣೆಯ ಯಾವುದಾದರೂ ವಸ್ತುವನ್ನು ನೋಡುತ್ತಾ ಇರಬಹುದು. ಉಸಿರನ್ನು ಗಮನಿಸಬಹುದು, ಇಲ್ಲವೇ ಹೊರಗಿನ ಸದ್ದನ್ನು, ಕೈಯಲ್ಲಿರುವ ಬಟ್ಟೆಯ ಮೇಲ್ಮೈಯನ್ನು. ಕೂರಬಹುದು, ನಿಲ್ಲಬಹುದು, ಓಡಾಡಬಹುದು. ಎಲ್ಲರಿಗೂ ಹೀಗೇ ಕೇಳುತ್ತೇನೆ. "ಭಿನ್ನವಾಗಿ ಕಂಡವರಿಗೆ" ಮಾತ್ರ ಕೇಳಿದರೆ ಅದೇ ಒಂದು ಅವಮಾನ.

ಸ್ಪರ್ಶದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಮೊದಲ ದಿನ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ ಸಾಲದು. ಥೆರಪಿಸ್ಟ್ ಎಂದರೆ ದೊಡ್ಡವರು, ತಿಳಿದವರು ಎಂದು ಭಾವಿಸುವ ಕ್ಲೈಂಟ್, ನಾವು "ಭುಜ ಮುಟ್ಟಬಹುದಾ?" ಎಂದು ಕೇಳಿದರೆ ಗೌರವಕ್ಕೆ ಹೂಂ ಎನ್ನುತ್ತಾರೆ. ಬೇಡ ಎನ್ನುವುದು ಒರಟುತನ ಅಂತ ಕಲಿತು ಬೆಳೆದವರು ಎಷ್ಟೋ ಜನ. ಕೆಲವರಿಗೆ ಧರ್ಮದ ಪ್ರಕಾರ ಬೇರೆ ಲಿಂಗದವರ ಸ್ಪರ್ಶ ಸಲ್ಲದು. ಅದಕ್ಕೇ ನಾನು ಹೌದು-ಇಲ್ಲ ಪ್ರಶ್ನೆ ಕೇಳುವುದಿಲ್ಲ. "ನಿಮ್ಮ ಕೈಯನ್ನೇ ಭುಜದ ಮೇಲೆ ಇಡುತ್ತೀರಾ, ದಿಂಬು ಒತ್ತಿಟ್ಟುಕೊಳ್ಳುತ್ತೀರಾ, ಸುಮ್ನೆ ಇರುತ್ತೀರಾ?" ಎಂದು ಕೇಳುತ್ತೇನೆ. ಮುಟ್ಟದೆಯೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ.

ಇನ್ನು ದೇಹವನ್ನು ಓದುವ ವಿಷಯ. ನನ್ನ ಪ್ರಕಾರ ಜಾಸ್ತಿ ಎಡವಟ್ಟಾಗುವುದು ಇಲ್ಲೇ. 1930ರ ದಶಕದಲ್ಲಿ ಮನೋವಿಶ್ಲೇಷಕ ವಿಲ್ಹೆಲ್ಮ್ ರೀಚ್ ಒಂದು ವಿಚಾರ ಮುಂದಿಟ್ಟರು. ಒಳಗೆ ಅದುಮಿಟ್ಟ ಭಾವನೆ ಸ್ನಾಯುಗಳಲ್ಲಿ ಕವಚದ ಹಾಗೆ ಬಿಗಿದಿರುತ್ತದೆ ಎಂಬುದು ಅದರ ಸಾರ. ಅವರ ಶಿಷ್ಯ ಅಲೆಕ್ಸಾಂಡರ್ ಲೋವೆನ್ 1950ರ ದಶಕದಲ್ಲಿ ಅದನ್ನು ಬೆಳೆಸಿದರು. ಇವತ್ತಿನ ಎಷ್ಟೋ ಪದ್ಧತಿಗಳ ಬೇರು ಅಲ್ಲಿದೆ. ಆ ಕಾಲ ಎಂಥದ್ದು ಅಂತಲೂ ನೆನಪಿರಲಿ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಕಾಮವನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಟ್ರಾನ್ಸ್ ಜನರ ಗುರುತನ್ನು ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟ ಪಟ್ಟಿ ಜಾರಿಗೆ ಬಂದದ್ದು 2022ರಲ್ಲಿ. ಹಳೆಯ ಪಾಠಗಳಲ್ಲಿ "ಆರೋಗ್ಯವಂತ ಗಂಡು ಹೀಗೆ ನಿಲ್ಲುತ್ತಾನೆ, ಹೆಣ್ಣು ಹೀಗೆ" ಎಂಬ ಧಾಟಿ ಕಂಡರೆ ಪಕ್ಕಕ್ಕಿಡಿ.

ಬಿಗಿದ ಭುಜವನ್ನೆಲ್ಲ ಸಡಿಲಿಸಬೇಕು ಅಂತೇನೂ ಇಲ್ಲ. ಬೀದಿಯಲ್ಲಿ, ಕೆಲಸದ ಜಾಗದಲ್ಲಿ ತನ್ನ ಬಣ್ಣ, ಜಾತಿ ಅಥವಾ ನಡಿಗೆಗಾಗಿ ದಿನವೂ ಬೆದರಿಕೆ ಎದುರಿಸುವವರ ದೇಹ ಎಚ್ಚರವಾಗಿರುವುದರಲ್ಲಿ ತಪ್ಪೇನಿದೆ? ಅಪಾಯ ಇನ್ನೂ ಹೊರಗೆ ಕಾಯುತ್ತಿದೆ. ಅಂಥವರೊಂದಿಗೆ ನಾನು ಆ ಎಚ್ಚರ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಹುಡುಕುತ್ತೇನೆ. ಕಣ್ಣು ತಪ್ಪಿಸುವುದು, ಮೌನ, ದೂರ ಕೂರುವುದು, ಇವಕ್ಕೆಲ್ಲ ಒಂದೇ ಅರ್ಥ ಕಟ್ಟಬೇಡಿ. ಕೇಳಿ.

ಮಾನವಶಾಸ್ತ್ರಜ್ಞರೂ ಮನೋವೈದ್ಯರೂ ಆದ ಆರ್ಥರ್ ಕ್ಲೈನ್‌ಮನ್ ಚೀನಾದ ಹುನಾನ್‌ನಲ್ಲಿ ನಡೆಸಿ 1982ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನರದೌರ್ಬಲ್ಯ (ನ್ಯೂರಸ್ತೇನಿಯಾ) ಎಂಬ ರೋಗನಿರ್ಣಯವಿದ್ದ 100 ಜನರಲ್ಲಿ 87 ಮಂದಿ ಅಮೆರಿಕದ ಮಾನದಂಡದಂತೆ ಖಿನ್ನತೆಗೆ ಹೊಂದುತ್ತಿದ್ದರು. ಅವರು ಹೇಳಿಕೊಂಡದ್ದು ಹೆಚ್ಚಾಗಿ ತಲೆನೋವು, ಸುಸ್ತು, ನಿದ್ರೆಯ ತೊಂದರೆ. ದುಃಖವನ್ನು ದೇಹದ ಮಾತಲ್ಲೇ ಹೇಳುವವರು ಮನಸ್ಸನ್ನು ಅರಿಯದವರು ಅಂತ ಅರ್ಥವಲ್ಲ. ನಮ್ಮ ಪದ್ಧತಿಗೆ ಅದು ಅನುಕೂಲವೇ. ತಲೆನೋವಿನ ಹಿಂದೆ "ನಿಜವಾದ" ಭಾವನೆ ಇದೆ ಅಂತ ಅವಸರದಲ್ಲಿ ಅಗೆಯಬೇಡಿ. ತಲೆನೋವಿನ ಬಗ್ಗೆಯೇ ಮಾತಾಡಿ.

ಪ್ರಶ್ನೆ ಹೇಗೆ ಕೇಳಬೇಕು ಅಂತ ಗೊತ್ತಾಗದಿದ್ದರೆ, ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಮ್-5ರಲ್ಲಿ ಸಂಸ್ಕೃತಿಯ ಕುರಿತ 16 ಪ್ರಶ್ನೆಗಳ ಸಂದರ್ಶನವಿದೆ. ಪೂರ್ತಿ ಕೇಳಿದರೆ ವಿಚಾರಣೆ ಥರ ಆಗುತ್ತದೆ. ಈ ತೊಂದರೆಗೆ ನಿಮ್ಮವರು ಏನನ್ನುತ್ತಾರೆ, ಮೊದಲು ಯಾರ ಹತ್ತಿರ ಹೋಗಿದ್ದಿರಿ, ಏನು ನೆರವಾಯಿತು ಎಂಬಂಥವನ್ನು ಆರಿಸಿಕೊಂಡರೆ ಸಾಕು. ಕೋಣೆ, ಮೆಟ್ಟಿಲು, ಅಗಲವಾದ ಕುರ್ಚಿ, ಶುಲ್ಕದ ವಿಷಯ ನಿಮಗೇ ಗೊತ್ತಿರುತ್ತದೆ. ದುಭಾಷಿ ಇದ್ದರೆ ಅವರು ಎಲ್ಲಿ ಕೂರಬೇಕು ಎನ್ನುವುದನ್ನು ಕ್ಲೈಂಟ್‌ಗೇ ಬಿಡಿ. ಮೂರನೆಯ ದೇಹವೊಂದು ಕೋಣೆಯಲ್ಲಿದ್ದರೆ ಸೆಷನ್ನೇ ಬೇರೆ ಆಗುತ್ತದೆ.