ಪುಸ್ತಕ ಪ್ರಶ್ನೋತ್ತರ: ‘ಹಾಗಾದರೆ ಅವನು ಸುಳ್ಳು ಹೇಳಿದನೇ?’

ಪ್ರಶ್ನೆ: ಚೀನಾದಿಂದ ಅಮೆರಿಕಕ್ಕೆ ವಲಸೆ ಹೋದ ಕಲಾವಿದ ಟೈರಸ್ ವಾಂಗ್ ಅವರ ಜೀವನವನ್ನು ಹೇಳುವ ಚಿತ್ರಪುಸ್ತಕವೊಂದನ್ನು ಎಂಟು ವರ್ಷದ ಮಗಳಿಗೆ ಓದಿ ಹೇಳುತ್ತಿದ್ದೆ. ಹುಡುಗ ತನ್ನದಲ್ಲದ ಹೆಸರು ಹೇಳಿಕೊಂಡು ದೇಶದೊಳಗೆ ಕಾಲಿಡುವ ಪುಟ ಬಂದಾಗ, ‘ಹಾಗಾದರೆ ಅವನು ಸುಳ್ಳು ಹೇಳಿದನೇ?’ ಎಂದು ಕೇಳಿಬಿಟ್ಟಳು. ಆ ಭಾಗವನ್ನು ಬಿಟ್ಟು ಓದುವುದು ಒಳ್ಳೆಯದೇ? ಇಂಥ ಕಲಾವಿದರ ಹೆಸರು ಇಷ್ಟು ದಿನ ನಮ್ಮ ಕಿವಿಗೆ ಬೀಳದಿರಲು ಕಾರಣವೇನು?
– ಓದುಗರೊಬ್ಬರು

ಉತ್ತರ: ದಯವಿಟ್ಟು ಬಿಡಬೇಡಿ. ಹೌದು, ಸುಳ್ಳು ಹೇಳಿದ ಎಂದೇ ಮಗಳಿಗೆ ತಿಳಿಸಿ. ಅಷ್ಟಕ್ಕೇ ನಿಲ್ಲಿಸದೆ, ಆ ಸುಳ್ಳನ್ನು ಹೇಳಿಸಿದ ಕಾನೂನಿನ ಕತೆಯನ್ನೂ ಹೇಳಿ. 1882ರಲ್ಲಿ ಅಮೆರಿಕ ಚೀನೀ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ಆ ಕಾನೂನು ರದ್ದಾದದ್ದು 1943ರಲ್ಲಿ. ವ್ಯಾಪಾರಿಗಳು, ವಿದ್ಯಾರ್ಥಿಗಳು ಮುಂತಾದ ಕೆಲವರಿಗೆ ಮತ್ತು ಅಮೆರಿಕದ ನಾಗರಿಕರ ಮಕ್ಕಳಿಗೆ ಮಾತ್ರ ಪ್ರವೇಶವಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದಾಗ, ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡ ಅನೇಕರು, ಚೀನಾದಲ್ಲಿ ತಮಗೆ ಗಂಡುಮಕ್ಕಳಿದ್ದಾರೆಂದು ಬರೆಸಿ, ಆ ಇಲ್ಲದ ಮಗನ ಹೆಸರನ್ನು ಬೇರೆ ಮನೆಯ ಹುಡುಗರಿಗೆ ಮಾರುತ್ತಿದ್ದರು. ಹಾಗೆ ಬಂದವರಿಗೆ ‘ಕಾಗದದ ಮಗ’ ಎಂಬ ಹೆಸರು ಬಿದ್ದಿತು.

1910ರಲ್ಲಿ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಹುಟ್ಟಿದ ವಾಂಗ್ ಗೆನ್ ಯೋ, 1920ರಲ್ಲಿ ತಂದೆಯೊಡನೆ ಹಡಗು ಹತ್ತಿದಾಗ ಲುಕ್ ಟೈ ಯೋ ಆಗಿದ್ದ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಏಂಜಲ್ ದ್ವೀಪದಲ್ಲಿದ್ದ, ವಲಸಿಗರ ತನಿಖಾ ಕೇಂದ್ರದಲ್ಲಿ ಅವನನ್ನು ಒಂಟಿಯಾಗಿ ಇರಿಸಿಕೊಂಡರು. ಊರಿನ ಮನೆ ಯಾವ ದಿಕ್ಕಿಗೆ ಮುಖ ಮಾಡಿದೆ, ಬಾವಿ ಎಲ್ಲಿದೆ, ಪಕ್ಕದ ಮನೆಯವರು ಯಾರು ಎಂಬಂಥ ಪ್ರಶ್ನೆಗಳಿಗೆ ಅಲ್ಲಿ ತಡವರಿಸದೆ ಉತ್ತರಿಸಬೇಕಾಗಿತ್ತು, ತಪ್ಪಿದರೆ ವಾಪಸು ಕಳುಹಿಸುವ ಭಯವಿತ್ತು. ತಾಯಿಯನ್ನೂ ಅಕ್ಕನನ್ನೂ ಅವನು ಮತ್ತೆಂದೂ ಕಾಣಲಿಲ್ಲ. ಇದನ್ನು ತಿಳಿದ ಮೇಲೆ ನಿಮ್ಮ ಮಗಳು ಇನ್ನೂ ಗಡುಸಾದ ಪ್ರಶ್ನೆ ಕೇಳಬಹುದು, ಕೇಳಲಿ.

ಹೆಸರಿನ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಶಾಲೆಯಲ್ಲಿ ‘ಟೈ ಯೋ’ ಎಂಬುದು ‘ಟೈರಸ್’ ಆಯಿತು. ಮುಂದೆ ಅವರು ಮನೆತನದ ‘ವಾಂಗ್’ ಅನ್ನು ಮರಳಿ ಇಟ್ಟುಕೊಂಡರೂ ಟೈರಸ್ ಎಂಬುದು ಹಾಗೆಯೇ ಉಳಿಯಿತು. ಆದ್ದರಿಂದ ಅವರ ಸಹಿಯಲ್ಲಿ ಅರ್ಧ ಕಾಗದದ ಮಗನದು, ಇನ್ನರ್ಧ ನಿಜವಾದ ಮಗನದು. ಮಗುವಿಗೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ತೋಚದು.

ಇನ್ನು ಎರಡನೆಯ ಪ್ರಶ್ನೆ. ಲಾಸ್ ಏಂಜಲೀಸ್‌ನ ಓಟಿಸ್ ಕಲಾಶಾಲೆಯಲ್ಲಿ ವಿದ್ಯಾರ್ಥಿವೇತನದ ಮೇಲೆ ಕಲಿತ ವಾಂಗ್, 1938ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿದರು. ಕಾರ್ಟೂನ್ ಪಾತ್ರ ಚಲಿಸುವಂತೆ ಕಾಣಲು ಅದರ ಮುಖ್ಯ ಭಂಗಿಗಳ ನಡುವಿನ ನೂರಾರು ಚಿತ್ರಗಳನ್ನು ತುಂಬಿಸುವ ಬೇಸರದ ಕೆಲಸ ಅವರದು. ಅದೇ ವೇಳೆಗೆ ‘ಬ್ಯಾಂಬಿ’ ಎಂಬ ಜಿಂಕೆಮರಿಯ ಕಾರ್ಟೂನ್ ಚಲನಚಿತ್ರದ ತಂಡ ಪೇಚಿಗೆ ಸಿಕ್ಕಿತ್ತು: ಕಾಡಿನ ಒಂದೊಂದು ಎಲೆಯನ್ನೂ ಬಿಡಿಸಿದರೆ ಜಿಂಕೆಯೇ ಕಣ್ಣಿಗೆ ಬೀಳುತ್ತಿರಲಿಲ್ಲ. ಚೀನಾದ ಸಾಂಗ್ ರಾಜವಂಶದ ಕಾಲದ ಚಿತ್ರಗಳನ್ನು ಮೆಚ್ಚಿ ಅಭ್ಯಾಸ ಮಾಡಿದ್ದ ವಾಂಗ್, ಮಂಜಿನಲ್ಲಿ ಕರಗಿದ ಮರಗಳು, ನಡುವೆ ಬೆಳಕಿನ ಒಂದು ತುಂಡು, ಅಲ್ಲಿ ನಿಂತ ಪುಟ್ಟ ಜಿಂಕೆ ಎಂಬ ಬಗೆಯಲ್ಲಿ ತಾವಾಗಿಯೇ ಬರೆದು ತೋರಿಸಿದರು. ಚಿತ್ರದ ಕಾಡಿಗೆ ರೂಪ ಕೊಟ್ಟದ್ದು ಅದೇ. ಆದರೆ 1941ರಲ್ಲಿ ಡಿಸ್ನಿಯ ನೌಕರರು ನಡೆಸಿದ ಮುಷ್ಕರದ ಬಳಿಕ, ಅದರಲ್ಲಿ ಭಾಗವಹಿಸದಿದ್ದರೂ, ಅವರನ್ನು ಕೆಲಸದಿಂದ ತೆಗೆದರು. 1942ರಲ್ಲಿ ಚಿತ್ರ ತೆರೆಕಂಡಾಗ ಅವರ ಹೆಸರು ಹಿನ್ನೆಲೆ ಚಿತ್ರಕಾರರ ಪಟ್ಟಿಯಲ್ಲಿ ಒಂದಾಗಿತ್ತು, ಅಷ್ಟೇ. ಡಿಸ್ನಿ ಸಂಸ್ಥೆ ಅವರನ್ನು ಗೌರವಿಸಿದ್ದು 2001ರಲ್ಲಿ, ಅವರಿಗೆ ತೊಂಬತ್ತು ತುಂಬಿದ ಮೇಲೆ!

ಇಂಥ ಪುಸ್ತಕಗಳ ಬಗ್ಗೆ ನನ್ನದೊಂದು ತಕರಾರಿದೆ. ಡಿಸ್ನಿಯ ಮೂರು ವರ್ಷಗಳೇ ಬಾಳಿನ ಶಿಖರವೆಂಬಂತೆ ಕಾಣಿಸಿ, ಆಮೇಲೆ ವಾರ್ನರ್ ಬ್ರದರ್ಸ್ ಎಂಬ ಇನ್ನೊಂದು ಚಲನಚಿತ್ರ ಸಂಸ್ಥೆಯಲ್ಲಿ ದುಡಿದ 26 ವರ್ಷಗಳು ಒಂದು ಸಾಲಿಗೆ ಇಳಿದುಬಿಡುವ ಅಪಾಯವಿರುತ್ತದೆ. ವಾಂಗ್ 2016ರಲ್ಲಿ, 106ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ದೀರ್ಘವಾದ ಬದುಕನ್ನು ಕೆಲವೇ ಪುಟಗಳಿಗೆ ಹೊಂದಿಸುವುದು ಸುಲಭವಲ್ಲ ಎಂಬುದನ್ನೂ ಒಪ್ಪುತ್ತೇನೆ.

ಓದಿದ ಬಳಿಕ ಮಗಳ ಕೈಗೆ ಒಂದು ಕುಂಚ, ಬಟ್ಟಲು ನೀರು ಮತ್ತು ಹಳೆಯ ಪತ್ರಿಕೆ ಕೊಡಿ. ಮಸಿ ಕೊಳ್ಳಲು ಹಣವಿಲ್ಲದ ತಂದೆ ವಾಂಗ್‌ಗೆ ಅಕ್ಷರ ತಿದ್ದಿಸಿದ್ದು ಹೀಗೆಯೇ. ಗೀಟು ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಕಾಣುತ್ತದೆ, ಆಮೇಲೆ ಆರಿಹೋಗುತ್ತದೆ.