ಕೆಲಸಕ್ಕಿಂತ ಮೊದಲು ಮೇಸ್ತ್ರಿಯನ್ನು ನೋಡಿ

ಪತ್ರದ ಸಾರ: "ಕುರ್ಚಿಯ ನೌಕರಿ ಬೇಸರವಾಗಿದೆ. ಪರಿಚಯದ ಮೇಸ್ತ್ರಿಯೊಬ್ಬರು ಚಾವಣಿ ಕೆಲಸಕ್ಕೆ ಕರೆಯುತ್ತಿದ್ದಾರೆ. ಮನೆಯವರು ಅದು ಬೇಡ, ಬೇಕಾದರೆ ವೈರಿಂಗೋ ಪ್ಲಂಬಿಂಗೋ ಕಲಿ ಎನ್ನುತ್ತಾರೆ. ಗಣಿತದಲ್ಲಿ ನಾನು ಹಿಂದೆ. ಯಾವುದಕ್ಕೆ ಸೇರಲಿ? ಡ್ರಿಲ್ ಮಷೀನು ಈಗಲೇ ಕೊಳ್ಳಲೇ?" – ಒಬ್ಬ ಓದುಗ

ಸಂಪಾದಕರ ಉತ್ತರ: ನಿಮ್ಮ ಮನೆಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ವೈರಿಂಗ್ ಕೆಲಸ ಹೆಚ್ಚಾಗಿ ನೆರಳಿನಲ್ಲಿ ನಡೆಯುತ್ತದೆ, ಮಳೆ ಬಂತೆಂದು ನಿಲ್ಲುವುದಿಲ್ಲ, ಮೊಣಕಾಲು ಸವೆದ ಮೇಲೂ ಕೈ ನಡೆಯುತ್ತದೆ. ಇಷ್ಟು ಒಪ್ಪಿಕೊಂಡು ನನ್ನ ಪಕ್ಷಪಾತಕ್ಕೆ ಬರುತ್ತೇನೆ. ನನಗೆ ಚಾವಣಿಯವರನ್ನು ಕಂಡರೆ ಗೌರವ ಒಂದು ತೂಕ ಹೆಚ್ಚು. ಗೋಡೆ ಸೊಟ್ಟಗಿದ್ದರೆ ಗಿಲಾವು ಮುಚ್ಚುತ್ತದೆ, ಗಿಲಾವು ಕೆಟ್ಟರೆ ಬಣ್ಣ ಮುಚ್ಚುತ್ತದೆ. ಚಾವಣಿಯಲ್ಲಿ ಮಾಡಿದ ತಪ್ಪನ್ನು ಮೊದಲ ಮಳೆಯೇ ಯಜಮಾನನಿಗೆ ಚಾಡಿ ಹೇಳುತ್ತದೆ.

ನಮ್ಮ ಕಚೇರಿಯ ಶೀಟಿನ ಮಾಡು ಒಮ್ಮೆ ಸೋರುತ್ತಿತ್ತು. ಬಂದವನೊಬ್ಬ ಒಳಗಿನ ಕಲೆ ನೋಡಿ, ಅದರ ನೇರಕ್ಕೆ ಮೇಲೆ ಡಾಂಬರು ಬಳಿದು, ದುಡ್ಡು ಎಣಿಸಿಕೊಂಡು ಹೋದ. ಸೋರಿಕೆ ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ಬಂದ ಹಿರಿಯ ಮೇಸ್ತ್ರಿ ಡಾಂಬರಿನ ಡಬ್ಬ ಮುಟ್ಟಲೇ ಇಲ್ಲ. ಹುಡುಗನೊಬ್ಬನನ್ನು ಒಳಗೆ ಕಲೆಯ ಕೆಳಗೆ ನಿಲ್ಲಿಸಿ, ತಾವು ಪೈಪು ಹಿಡಿದು ಮಾಡಿನ ಕೆಳಗಿನ ಅಂಚಿನಿಂದ ನೀರು ಬಿಡುತ್ತ, ಒಂದೊಂದೇ ಸಂದು ಮುಗಿಸಿ ಮೇಲಕ್ಕೆ ಸರಿದರು. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಸಂದುಗಳ ಮೇಲೂ ಹರಿದು, ಕಳ್ಳ ಯಾರೆಂದೇ ತಿಳಿಯುವುದಿಲ್ಲವಂತೆ. ಹುಡುಗ "ಬಂತು, ಬಂತು" ಎಂದು ಕೂಗಿದಾಗ ಪೈಪು ಇದ್ದದ್ದು ಕಲೆಯಿಂದ ಎಷ್ಟೋ ಮೇಲೆ, ಶೀಟು ಗೋಡೆಗೆ ಸೇರುವ ಜಾಗದಲ್ಲಿ. ಅಲ್ಲಿ ಒಳಹೊಕ್ಕ ನೀರು ಶೀಟಿನ ಅಡಿಯಲ್ಲೇ ಇಳಿದು ಬಂದು ನಮ್ಮ ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ಸೋರಿಕೆ ಬಹುಪಾಲು ಹೀಗೆಯೇ: ಗೋಡೆಯ ಬುಡ, ಹೊಗೆಕೊಳವೆಯ ಸುತ್ತ, ಎರಡು ಇಳಿಜಾರು ಕೂಡುವ ಮೂಲೆ. ಸ್ಕ್ರೂ ಸಡಿಲವಾದರೂ ಸೋರುತ್ತದೆ, ಅತಿಯಾಗಿ ಬಿಗಿದು ವಾಷರ್ ಹಿಸುಕಿದರೂ ಸೋರುತ್ತದೆ. ಇಂಥ ವಿದ್ಯೆಯನ್ನು 'ಬರೀ ಮೈಕೆಲಸ' ಎನ್ನುವವರನ್ನು ಮಾಡಿನ ಮೇಲೆ ಅರ್ಧ ದಿನ ಕೂರಿಸಬೇಕು.

ಗಣಿತದ ಅಳುಕು ಬಿಡಿ, ಸ್ವಾಮಿ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ, ನಡುವಿನ ಅಳತೆ 5 ಅಡಿ ಬಂದರೆ ಮೂಲೆ ಸರಿ ಎಂದು ಟೇಪು ಹಿಡಿದು ಹೇಳುವ ಗಾರೆಯವರಲ್ಲಿ ಎಷ್ಟೋ ಮಂದಿಗೆ ಪೈಥಾಗರಸ್ ಯಾರೆಂದು ಗೊತ್ತಿಲ್ಲ. ಅವನ ಪ್ರಮೇಯವನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ ನಾವೋ, ಒಂದು ಕೋಣೆಗೆ ಮೂಲೆ ಹಾಕಲಾರೆವು. ಮೇಷ್ಟ್ರು ನಿಮ್ಮನ್ನು ಒಮ್ಮೆ ಪಾಯದ ಗುರುತು ಹಾಕುವ ಕಡೆ ಕರೆದೊಯ್ದಿದ್ದರೆ ಈ ಹಿಂಜರಿಕೆಯೇ ಇರುತ್ತಿರಲಿಲ್ಲ.

ಇನ್ನು ಅಪಾಯ. ಅದನ್ನು ಸಿಹಿ ಮಾಡಿ ಹೇಳಲಾರೆ. ಕಟ್ಟಡ ಕೆಲಸದ ಸಾವುಗಳಿಗೆ ಅನೇಕ ದೇಶಗಳಲ್ಲಿ ಮೊದಲ ಕಾರಣ ಎತ್ತರದಿಂದ ಬೀಳುವುದು. ಅಂಚು ತಪ್ಪಿ ಬೀಳುವವರಷ್ಟೇ ಅಲ್ಲ, ಹಳೆಯ ಸಿಮೆಂಟ್ ಶೀಟೋ ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟೋ ಕಾಲಡಿಯಲ್ಲಿ ಮುರಿದು ಒಳಗೆ ಬೀಳುವವರೂ ಇದ್ದಾರೆ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು, ಕೊರೆದಾಗ ಏಳುವ ಆ ಧೂಳು ಶ್ವಾಸಕೋಶದ ಶತ್ರು. ಯುರೋಪಿನ ಒಕ್ಕೂಟ 2005ರ ಹೊತ್ತಿಗೆ ಕಲ್ನಾರನ್ನು ನಿಷೇಧಿಸಿತು.

ಸುಮಾರು 3,700 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಬಿ, ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂದು ಕಲ್ಲಿನಲ್ಲಿ ಕೆತ್ತಿಸಿದ. ಅದೇ ಮನೆಯ ಮೇಲಿಂದ ಕೆಲಸಗಾರ ಬಿದ್ದು ಸತ್ತರೆ? ಇವತ್ತಿಗೂ ಗುತ್ತಿಗೆದಾರ ಮೇಸ್ತ್ರಿಯ ಕಡೆ ಕೈ ತೋರಿಸುತ್ತಾನೆ, ಮೇಸ್ತ್ರಿ "ಬೆಲ್ಟ್ ಕೊಟ್ಟಿದ್ದೆ, ಅವನೇ ಹಾಕ್ಕೊಳ್ಳಲಿಲ್ಲ" ಎನ್ನುತ್ತಾನೆ. ಆ ಬೆಲ್ಟಿನ ಹಗ್ಗ ಸಿಕ್ಕಿಸಲು ಮೇಲೊಂದು ಗಟ್ಟಿ ಕೊಂಡಿ ಇತ್ತೇ ಎಂದು ಕೇಳುವವರಿಲ್ಲ. ಯಜಮಾನನಂತೂ ಕೆಲಸ ತಡವಾಯಿತೆಂದು ಗೊಣಗುತ್ತಾನೆ.

ಆದ್ದರಿಂದ ನಿಮ್ಮನ್ನು ಕರೆದ ಮೇಸ್ತ್ರಿ ಕೆಲಸ ಮಾಡಿಸುವ ಜಾಗಕ್ಕೆ ಹೇಳದೆ ಕೇಳದೆ ಒಮ್ಮೆ ಹೋಗಿ ನಿಲ್ಲಿ. ಏಣಿ ನೋಡಿ: 4 ಅಡಿ ಎತ್ತರಕ್ಕೆ 1 ಅಡಿಯಂತೆ ಬುಡ ಹಿಂದೆ ಸರಿದಿದೆಯೇ, ತುದಿ ಮಾಡಿನ ಅಂಚಿಗಿಂತ 3 ಅಡಿ ಮೇಲಕ್ಕೆ ಚಾಚಿದೆಯೇ, ಅದನ್ನು ಕಟ್ಟಿದ್ದಾರೆಯೇ? ಮೇಸ್ತ್ರಿ ತಾವೂ ಹಗ್ಗ ಸಿಕ್ಕಿಸಿಕೊಳ್ಳುತ್ತಾರೋ, ಹುಡುಗರಿಗೆ ಮಾತ್ರ ಹೇಳುತ್ತಾರೋ? ನಾಲ್ಕು ಹನಿ ಬಿದ್ದಾಗ ಅವರ ಬಾಯಲ್ಲಿ ಬರುವುದು "ಇಳೀರಿ" ಎಂದೋ "ಬೇಗ ಮುಗಿಸಿ" ಎಂದೋ? "ಬೇಗ ಮುಗಿಸಿ" ಎನ್ನುವವರಾದರೆ ನನ್ನ ಪಕ್ಷಪಾತವನ್ನು ಪಕ್ಕಕ್ಕಿಟ್ಟು ವೈರಿಂಗಿಗೇ ಹೋಗಿ, ಮನೆಯವರೂ ಖುಷಿಪಡುತ್ತಾರೆ. ಅಲ್ಲಿಯೂ ಇದೇ ಪರೀಕ್ಷೆ: ಸ್ವಿಚ್ ಆಫ್ ಮಾಡಿದ ಮೇಲೂ ಟೆಸ್ಟರ್ ಹಿಡಿದು ನೋಡದೆ ತಂತಿ ಮುಟ್ಟುವವರ ಕೈಕೆಳಗೆ ಕಲಿಯಬೇಡಿ.

ಡ್ರಿಲ್ ಮಷೀನು ಈಗ ಬೇಡ, ಅದು ಮೇಸ್ತ್ರಿಯ ಹತ್ತಿರ ಇರುತ್ತದೆ. ಮೊದಲು ಜಾರದ ಅಡಿಯಿರುವ ಒಂದು ಜೊತೆ ಬೂಟು ಕೊಳ್ಳಿ, ನಿಮ್ಮ ಕಾಲಿನದೇ ಅಳತೆಯದು. ಯಾರಾದರೂ ಹಳೆಯದು ಕೊಡುತ್ತೇನೆಂದರೆ ಬೇಡವೆನ್ನಿ.