ಬಿಟ್ಟುಹೋಗುವವರು ಯಾವಾಗ ಬಿಡುತ್ತಾರೆ?

ಪ್ರಶ್ನೆ: ನಾನು ರಾಮನಗರದ ಬಳಿಯ ಗಾರ್ಮೆಂಟ್ಸ್ ಒಂದರ ಎಚ್.ಆರ್. ವಿಭಾಗದಲ್ಲಿದ್ದೇನೆ. ನಮ್ಮ ಯಜಮಾನರು ಪದವಿ ಕಾಲೇಜಿನಲ್ಲಿ ಉಪನ್ಯಾಸಕರು, ತಂಗಿ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್. ಭಾನುವಾರ ಮೂವರೂ ಊಟಕ್ಕೆ ಕೂತರೆ ಮಾತು ಒಂದೇ: ಟೈಲರುಗಳು ನಿಲ್ಲುವುದಿಲ್ಲ, ಹುಡುಗರು ಎರಡನೇ ವರ್ಷಕ್ಕೆ ಬರುವುದಿಲ್ಲ, ನರ್ಸುಗಳು ಅನುಭವ ಪತ್ರ ಕೈಗೆ ಬಂದೊಡನೆ ಹೊರಡುತ್ತಾರೆ. ನಮ್ಮ ಕಂಪನಿ ಈ ವರ್ಷ ಇರುವವರನ್ನು ಉಳಿಸಿಕೊಳ್ಳುವ ‘ರಿಟೆನ್ಷನ್ ಕಾರ್ಯಕ್ರಮ’ ರೂಪಿಸಲು ಹೇಳಿದೆ; ಹಾಜರಾತಿ ಬೋನಸ್ ಹೆಚ್ಚಿಸುವುದು ಸದ್ಯದ ಆಲೋಚನೆ. ಬೇರೆ ಬೇರೆ ಕ್ಷೇತ್ರಗಳ ಸಂಶೋಧನೆ ಈ ವಿಷಯದಲ್ಲಿ ಏನು ಹೇಳುತ್ತದೆ? ಒಂದು ಕಡೆ ಫಲಿಸಿದ್ದನ್ನು ಇನ್ನೊಂದು ಕಡೆಗೆ ತರಬಹುದೇ?
— ಓದುಗರು, ರಾಮನಗರ

ಉತ್ತರ: ಯೋಜನೆಯನ್ನು ಹಾಗೇ ಎತ್ತಿ ತಂದರೆ ಸಾಮಾನ್ಯವಾಗಿ ಕೈ ಸುಟ್ಟುಕೊಳ್ಳುತ್ತೀರಿ. ಆದರೆ ಆ ಸಂಶೋಧಕರು ಪ್ರಶ್ನೆ ಕೇಳಿದ ಕ್ರಮವನ್ನು ಧಾರಾಳವಾಗಿ ತರಬಹುದು. ನಿಮ್ಮ ಮನೆಯ ಮೂರೂ ಸಮಸ್ಯೆಗಳಿಗೆ ಮದ್ದು ಬೇರೆ ಬೇರೆಯಾದರೂ ಪರೀಕ್ಷೆ ಮಾಡುವ ಬಗೆ ಒಂದೇ.

ಮೊದಲು ಲೆಕ್ಕ. ಇನ್ನೂರು ಜನರ ಘಟಕದಲ್ಲಿ ವರ್ಷಕ್ಕೆ ಇನ್ನೂರು ಜನ ಬಿಟ್ಟುಹೋದರೆ ಆಡಳಿತ ಮಂಡಳಿಯ ಮುಂದೆ ‘ಅಟ್ರಿಷನ್ ಶೇ. 100’ ಎಂಬ ಅಂಕಿ ಬರುತ್ತದೆ, ಇಡೀ ಘಟಕವೇ ಖಾಲಿಯಾಗಿ ಮತ್ತೆ ತುಂಬಿತೆಂಬ ಭಾವನೆ ಹುಟ್ಟುತ್ತದೆ. ಹಾಜರಿ ಪುಸ್ತಕ ತೆರೆದು ನೋಡಿದರೆ ನೂರ ಅರವತ್ತು ಜನ ವರ್ಷವಿಡೀ ಅದೇ ಮಿಷಿನ್ ಮುಂದೆ ಕೂತಿರಬಹುದು, ಉಳಿದ ನಲವತ್ತು ಜಾಗಗಳಲ್ಲಿ ಮಾತ್ರ ಒಬ್ಬರ ನಂತರ ಒಬ್ಬರಂತೆ ಐದೈದು ಜನ ಬಂದು ಹೋಗಿರಬಹುದು. ಅಂಥ ಕಡೆ ಹಾಜರಾತಿ ಬೋನಸ್ ಹೆಚ್ಚಿಸಿದರೆ ಹಣದ ಬಹುಪಾಲು ಹೇಗಿದ್ದರೂ ಉಳಿಯುತ್ತಿದ್ದ ನೂರ ಅರವತ್ತು ಮಂದಿಗೆ ಸೇರುತ್ತದೆ. ಅವರಿಗೆ ಅದು ಸಲ್ಲಬೇಕಾದ್ದೇ, ನನ್ನ ತಕರಾರಿಲ್ಲ. ಆದರೆ ಅದನ್ನು ರಿಟೆನ್ಷನ್ ಖರ್ಚೆಂದು ಬರೆಯಬಾರದು. ಸೇರಿದ ಎಷ್ಟನೇ ವಾರದಲ್ಲಿ, ಯಾವ ಲೈನಿನಿಂದ, ಯಾವ ಸೂಪರ್‌ವೈಸರ್ ಕೈಕೆಳಗಿಂದ ಬಿಟ್ಟರು ಎಂಬ ಮೂರು ಕಾಲಂಗಳ ಪಟ್ಟಿಯೊಂದನ್ನು ಮಾಡಿ. ಯಾವುದೇ ಕಾರ್ಯಕ್ರಮಕ್ಕಿಂತ ಮೊದಲು ಆಗಬೇಕಾದ ಕೆಲಸ ಅದು.

‘ಏಕೆ ಬಿಟ್ಟರು’ ಎಂಬ ಕಾಲಂ ಬೇಡವೇ ಎಂದು ಕೇಳಬಹುದು. ಒಮ್ಮೆ ಒಂದು ಕಾರ್ಖಾನೆಯಲ್ಲಿ ವರ್ಷದ ರಾಜೀನಾಮೆ ಪತ್ರಗಳ ಕಟ್ಟನ್ನು ಬಿಚ್ಚಿ ಕೂತಿದ್ದೆ. ಹೆಚ್ಚಿನವುಗಳಲ್ಲಿ ಇದ್ದದ್ದು ‘ಸ್ವಂತ ಕಾರಣಗಳಿಂದ’ ಎಂಬ ಒಂದೇ ಒಕ್ಕಣೆ, ಅದೂ ಒಂದೇ ಕೈಬರಹದಲ್ಲಿ. ಬರೆದುಕೊಟ್ಟವರು ಟೈಮ್ ಆಫೀಸಿನ ಗುಮಾಸ್ತರು, ಕೆಳಗೆ ಸಹಿ ಮಾತ್ರ ಕಾರ್ಮಿಕರದ್ದು. ಕಾರಣ ಹೇಳದ ಆ ಪತ್ರಗಳು ತಾರೀಖನ್ನು ಮಾತ್ರ ಸುಳ್ಳಿಲ್ಲದೆ ಹೇಳುತ್ತಿದ್ದವು: ಸಂಬಳ ಬಟವಾಡೆಯಾದ ಮಾರನೇ ದಿನಗಳು.

ಎರಡನೆಯದು ಹೋಲಿಕೆ. ಈ ವಿಷಯದ ಅತಿ ಹಳೆಯ, ಅತಿ ಹೆಸರಾದ ಉದಾಹರಣೆ ಡೆಟ್ರಾಯಿಟ್‌ನ ಫೋರ್ಡ್ ಕಾರು ಕಾರ್ಖಾನೆ. 1913ರಲ್ಲಿ ಅಲ್ಲಿನ ಕಾರ್ಮಿಕರ ಬಿಟ್ಟುಹೋಗುವ ಪ್ರಮಾಣ ಶೇ. 370 ಇತ್ತು. ಬಿಟ್ಟವರಲ್ಲಿ ಬಹುಪಾಲು ಮಂದಿ ರಾಜೀನಾಮೆಯನ್ನೂ ಕೊಡದೆ ಸುಮ್ಮನೆ ಬರುವುದನ್ನು ನಿಲ್ಲಿಸಿದವರು. ಐದು ದಿನ ಹೇಳದೆ ಗೈರಾದರೆ ಹೆಸರು ಹೊಡೆಯುತ್ತಿದ್ದರು. 1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ದಿನಗೂಲಿಯನ್ನು ಎರಡು ಪಟ್ಟಿಗೂ ಹೆಚ್ಚಿಸಿ ಐದು ಡಾಲರ್ ಎಂದು ಘೋಷಿಸಿದರು. ಆ ವರ್ಷ ಪ್ರಮಾಣ ಶೇ. 54ಕ್ಕೆ, ಮರುವರ್ಷ ಶೇ. 16ಕ್ಕೆ ಇಳಿಯಿತು. ಕೂಲಿ ಹೆಚ್ಚಿಸಿದರೆ ಜನ ನಿಲ್ಲುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎನಿಸುತ್ತದೆ. ಆದರೆ 1914 ಡೆಟ್ರಾಯಿಟ್‌ನಲ್ಲಿ ಕೆಲಸಕ್ಕೆ ಬರಗಾಲವಿದ್ದ ವರ್ಷವೂ ಹೌದು, ಬಿಟ್ಟು ಹೋಗಲು ಬೇರೆ ಕಡೆ ಬಾಗಿಲು ತೆರೆದಿರಲಿಲ್ಲ. ಸಾಲದ್ದಕ್ಕೆ ಪೂರ್ತಿ ಐದು ಡಾಲರ್ ಸಿಗಲು ಆರು ತಿಂಗಳ ಸೇವೆಯಾಗಬೇಕಿತ್ತು, ಕಂಪನಿಯ ತನಿಖಾಧಿಕಾರಿಗಳು ಮನೆಗೇ ಬಂದು ಕುಡಿತ, ಉಳಿತಾಯ, ಮನೆಯ ಚೊಕ್ಕಟತನಗಳನ್ನು ವಿಚಾರಿಸುತ್ತಿದ್ದರು. ಈ ಇಳಿಕೆಯಲ್ಲಿ ಕೂಲಿಯ ಪಾಲೆಷ್ಟು, ಬರಗಾಲದ ಪಾಲೆಷ್ಟು ಎಂದು ಬಿಡಿಸಿ ಹೇಳಲು ಫೋರ್ಡ್ ಬಳಿ ಹೋಲಿಕೆಗೆ ಇನ್ನೊಂದು ಗುಂಪಿರಲಿಲ್ಲ. ನಿಮ್ಮ ಬೋನಸ್ ಜಾರಿಯಾದ ತಿಂಗಳೇ ಪಕ್ಕದ ಕಾರ್ಖಾನೆಗೆ ಆರ್ಡರ್ ಕಡಿಮೆಯಾಗಿ ಬೀಗ ಬಿದ್ದರೆ ನಿಮಗೂ ಅದೇ ಗೊಂದಲ.

ಹೋಲಿಕೆಗೆ ಗುಂಪು ಮಾಡುವ ಸರಳ ದಾರಿ ಚೀಟಿ ಎತ್ತುವುದು, ಮತ್ತು ಅದು ನಿಮ್ಮ ನೆರೆಯ ಬೆಂಗಳೂರಿನಲ್ಲೇ ನಡೆದಿದೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನ್ಯಷಧಂ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಐದು ಗಾರ್ಮೆಂಟ್ಸ್ ಘಟಕಗಳಲ್ಲಿ ಮಾತುಗಾರಿಕೆ, ಸಮಯ ಪಾಲನೆ, ಹಣದ ನಿರ್ವಹಣೆಗಳ ತರಬೇತಿಗೆ ಆಸಕ್ತಿ ತೋರಿದ ಮಹಿಳೆಯರಲ್ಲಿ ಕೆಲವರನ್ನು ಚೀಟಿಯ ಮೂಲಕ ಆರಿಸಿ, ಉಳಿದವರೊಡನೆ ಹೋಲಿಸಿದರು. ತರಬೇತಿ ಪಡೆದವರ ಉತ್ಪಾದಕತೆ ಸ್ಪಷ್ಟವಾಗಿ ಏರಿತು. ಕಲಿತ ಮೇಲೆ ಬಿಟ್ಟೇ ಹೋಗುತ್ತಾರೆ ಎಂಬ ಮಾಲೀಕರ ಹಳೆಯ ಭಯ ಮಾತ್ರ ನಿಜವಾಗಲಿಲ್ಲ. ಇವರಲ್ಲಿ ಅಧ್ವರ್ಯು ಮತ್ತು ನ್ಯಷಧಂ ಅವರು ತೆರೇಸಾ ಮೊಲಿನಾ ಜೊತೆ ನಡೆಸಿದ ಇನ್ನೊಂದು ಪ್ರಯೋಗ ನಿಮಗೆ ಇನ್ನೂ ಹತ್ತಿರದ್ದು. 2016ರಲ್ಲಿ ವೇತನ ಹೆಚ್ಚಳ ಕಾರ್ಮಿಕರ ನಿರೀಕ್ಷೆಗಿಂತ ಕಡಿಮೆಯಾದಾಗ, ಚೀಟಿಯಲ್ಲಿ ಆಯ್ಕೆಯಾದ ಕೆಲವರಿಗೆ ಹೆಸರಿಲ್ಲದ ಪ್ರಶ್ನಾವಳಿ ಕೊಟ್ಟು ಕೆಲಸ, ಸಂಬಳ, ಸೂಪರ್‌ವೈಸರ್‌ಗಳ ಬಗ್ಗೆ ಅಭಿಪ್ರಾಯ ಕೇಳಲಾಯಿತು. ಅವರು ಕೆಲಸ ಬಿಡುವ ಸಾಧ್ಯತೆ ಉಳಿದವರಿಗಿಂತ ಸುಮಾರು ಶೇ. 20ರಷ್ಟು ಕಡಿಮೆಯಾಯಿತು. ಕೇಳಿದ್ದಕ್ಕೇ ಇಷ್ಟು ಫಲವೆಂದರೆ ಬಹಳ ಅಗ್ಗವಾಯಿತು ಎನ್ನಿಸಬಹುದು. ಆದರೆ ಒಮ್ಮೆ ಕೇಳಿ ಸುಮ್ಮನಾದ ಆಡಳಿತ ಮರುವರ್ಷ ಮತ್ತೆ ಹಾಳೆ ಹಿಡಿದು ಬಂದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ ಎಂಬುದು ನನ್ನ ಅನುಭವ.

ಇನ್ನು ನಿಮ್ಮ ಯಜಮಾನರ ಕಾಲೇಜು. ವಿದ್ಯಾರ್ಥಿಗಳು ನಡುವೆ ಬಿಡುವುದರ ಬಗ್ಗೆ ಅಮೆರಿಕದ ವಿನ್ಸೆಂಟ್ ಟಿಂಟೋ 1975ರಲ್ಲಿ ಮಂಡಿಸಿದ ಸಿದ್ಧಾಂತ ಇಂದಿಗೂ ಚರ್ಚೆಯ ಮೊದಲ ಮೆಟ್ಟಿಲು: ಪಾಠದಲ್ಲೂ ಗೆಳೆತನದಲ್ಲೂ ಕಾಲೇಜಿಗೆ ಬೆರೆಯದವನು ಮನಸ್ಸಿನಲ್ಲಿ ಮೊದಲೇ ಬಿಟ್ಟಿರುತ್ತಾನೆ, ಕಾಲು ಆಮೇಲೆ ಹೊರಡುತ್ತದೆ. ಮನೆಯಿಂದ ಬಸ್ಸಿನಲ್ಲಿ ಓಡಾಡುವ, ಸಂಜೆ ದುಡಿಯುವ ಹುಡುಗರಿಗೆ ಇದು ಪೂರ್ತಿ ಹೊಂದುವುದಿಲ್ಲ ಎಂಬ ಆಕ್ಷೇಪ ಬಂದದ್ದೂ ಸರಿಯೇ. ಅಂಥವರಿಗಾಗಿಯೇ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ಕಾರ್ಯಕ್ರಮವೊಂದನ್ನು ಆರಂಭಿಸಿತು. ಶುಲ್ಕದಲ್ಲಿ ಉಳಿದ ಬಾಕಿಯ ಮನ್ನಾ, ಪುಸ್ತಕ, ಬಸ್ಸು-ರೈಲಿನ ಪಾಸು, ಜೊತೆಗೆ ಕಡಿಮೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಒಬ್ಬ ಸಲಹೆಗಾರರು. ಅವರನ್ನು ಕಂಡು ಬಂದರಷ್ಟೇ ಮುಂದಿನ ತಿಂಗಳ ಪಾಸು. ಚೀಟಿಯ ಮೂಲಕ ನಡೆದ ಅಧ್ಯಯನದಲ್ಲಿ ಮೂರು ವರ್ಷಗಳೊಳಗೆ ಪದವಿ ಮುಗಿಸಿದವರು ಕಾರ್ಯಕ್ರಮದಲ್ಲಿ ಶೇ. 40, ಹೊರಗೆ ಶೇ. 22. ಪಾಸಿನ ಈ ಷರತ್ತು ನನಗೆ ಬಹಳ ಹಿಡಿಸಿದೆ, ಏಕೆಂದರೆ ಸಲಹೆ ಬೇಕಾದ ಹುಡುಗ ತಾನಾಗಿ ಸಲಹೆಗಾರರ ಕೋಣೆಗೆ ಬರುವುದಿಲ್ಲ, ಪಾಸಿಗಾದರೆ ತಪ್ಪದೆ ಬರುತ್ತಾನೆ. ಇಷ್ಟೊಂದು ಹಣ ನಿಮ್ಮ ಯಜಮಾನರ ಕಾಲೇಜಿನಲ್ಲಿ ಇರಲಾರದು. ಮೊದಲ ಕಿರುಪರೀಕ್ಷೆಗೆ ಗೈರಾದವರ ಹೆಸರುಗಳನ್ನು ಅದೇ ವಾರ ಬರೆದಿಟ್ಟುಕೊಂಡು, ಒಬ್ಬೊಬ್ಬರನ್ನೂ ಯಾವುದಾದರೂ ಸಹಿಯ ನೆಪದಲ್ಲಿ ಕರೆಸುವುದಕ್ಕೆ ಹಣ ಬೇಕಿಲ್ಲ.

ತಂಗಿಯವರ ಆಸ್ಪತ್ರೆಯಲ್ಲಿ ನರ್ಸುಗಳ ಸಂಖ್ಯೆ ಕಡಿಮೆಯಿದ್ದರೆ ಚೀಟಿ ಎತ್ತಿ ಗುಂಪು ಮಾಡಿ ಫಲವಿಲ್ಲ, ಅಂಕಿಗಳು ಏನನ್ನೂ ಹೇಳುವುದಿಲ್ಲ. ಈ ಕ್ಷೇತ್ರದಲ್ಲಿ ಎರಡು ಕೆಲಸಗಳು ಮುಖ್ಯ. ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪೆನ್ಸಿಲ್ವೇನಿಯಾದ ಅಧ್ಯಯನದ ಪ್ರಕಾರ, ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳಿಗೆ ಇನ್ನೊಬ್ಬರು ಸೇರಿದರೆ ನರ್ಸ್ ಬಳಲಿ ಬೇಸತ್ತಿರುವ ಸಂಭವ ಶೇ. 23ರಷ್ಟು, ಶಸ್ತ್ರಚಿಕಿತ್ಸೆಯಾದ ರೋಗಿ ಮೂವತ್ತು ದಿನಗಳಲ್ಲಿ ಸಾಯುವ ಸಂಭವ ಶೇ. 7ರಷ್ಟು ಹೆಚ್ಚು. ಇದು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ, ಆದರೂ ನೈಟ್ ಡ್ಯೂಟಿಯ ಪಟ್ಟಿ ಬರೆಯುವವರು ಮರೆಯಬಾರದ ಅಂಕಿಗಳು. ಅದಕ್ಕೂ ಮೊದಲು, ನರ್ಸುಗಳ ಕೊರತೆ ತೀವ್ರವಾಗಿದ್ದ ಕಾಲದಲ್ಲಿ, ಅಮೆರಿಕದ ನರ್ಸಿಂಗ್ ಅಕಾಡೆಮಿ ಪ್ರಶ್ನೆಯನ್ನೇ ತಿರುಗಿಸಿ ಹಾಕಿತ್ತು. ಎಲ್ಲ ಕಡೆ ಜನ ಬಿಡುತ್ತಿರುವಾಗಲೂ ನರ್ಸುಗಳು ನಿಂತ 41 ಆಸ್ಪತ್ರೆಗಳನ್ನು ಆರಿಸಿ, ಅಲ್ಲಿ ಏಕೆ ನಿಂತಿದ್ದಾರೆಂದು ವಿಚಾರಿಸಿ 1983ರಲ್ಲಿ ವರದಿ ಮಾಡಿತು. ಅಯಸ್ಕಾಂತಕ್ಕೆ ಹೋಲಿಸಿ ಅವನ್ನು ‘ಮ್ಯಾಗ್ನೆಟ್ ಆಸ್ಪತ್ರೆ’ ಎಂದು ಕರೆದರು.

ತಂಗಿಯವರ ವಾರ್ಡುಗಳಲ್ಲೂ ಹತ್ತು ವರ್ಷ ದಾಟಿದ ನಾಲ್ಕಾರು ಸಿಸ್ಟರ್‌ಗಳು ಇದ್ದೇ ಇರುತ್ತಾರೆ. ಬಿಟ್ಟುಹೋದವರ ಫೈಲು ಬದಿಗಿಟ್ಟು ಮೊದಲು ಅವರೊಡನೆ ಒಬ್ಬೊಬ್ಬರಾಗಿ ಕೂತು ಮಾತಾಡಲಿ, ಅದೂ ಡ್ಯೂಟಿ ಮುಗಿದ ಮೇಲಲ್ಲ, ಡ್ಯೂಟಿಯ ಹೊತ್ತಿನಲ್ಲೇ.